ಕಡಲ ನಾಟಕದ ವನ್ಸ್ ಮೋರ್

ಸತ್ತವರ ದನಿ ಕೇಳಿಸಿತು, ಇಲ್ಲದವರು ಕಣ್ಣಿಗೆ ಕಂಡರು ಎಂದು ಯಾರಾದರೂ ಮಾತು ತೆಗೆದರೆ ನಾನು ಮೊದಲೆಲ್ಲ ಎದ್ದು ಹೋಗುತ್ತಿದ್ದೆ. ನನ್ನ ಕೆಲಸವೇ ಅಂಥದ್ದು. ನಾನು ನಾಟಕದಲ್ಲಿ ಪರದೆ ಎಳೆಯುವವನು. ಗುಡುಗು ಎಂದರೆ ತಗಡಿನ ಹಾಳೆ, ದೇವಲೋಕದ ಮೋಡ ಎಂದರೆ ಬಕೆಟ್ಟಿನೊಳಗಿನ ಲೋಬಾನದ ಹೊಗೆ ಎಂದು ಗೊತ್ತಿದ್ದವನಿಗೆ ಸೋಜಿಗ ಸುಲಭಕ್ಕೆ ಆಗುವುದಿಲ್ಲ. ಮುಂದೆ ಕೂತವರು ಬಾಯಿ ಬಿಟ್ಟು ನೋಡುವಾಗ ನಾನು ಬದಿಯಲ್ಲಿ ನಿಂತು ಆಕಳಿಸುತ್ತಿದ್ದೆ. ಹಾಗಿದ್ದವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಓದಿದ್ದು ಏಳನೇ ತರಗತಿ, ಬರೆದು ರೂಢಿಯಿಲ್ಲ. ನೀವು ನಂಬಬೇಕೆಂದು ಕೇಳುವುದೂ ಇಲ್ಲ. ಆದರೆ ಇದರೊಳಗೆ ನನ್ನದೊಂದು ತಪ್ಪು ಸೇರಿಕೊಂಡಿದೆ. ಅದನ್ನು ಬಿಟ್ಟು ಹೇಳಿದರೆ ಉಳಿದದ್ದಕ್ಕೆ ಅರ್ಥವಿರುವುದಿಲ್ಲ.

ನಮ್ಮದು ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿ, ಹೊಲಮನೆ ಮಾಡಿಕೊಂಡಿದ್ದವರು. ಅಕ್ಕ ಗಿರಿಜಾ ಕಳೆ ತೆಗೆಯುತ್ತ ಹಾಡುತ್ತಿದ್ದುದನ್ನು ನಾಟಕದ ಮಾಸ್ತರರೊಬ್ಬರು ದಾರಿಯಲ್ಲಿ ನಿಂತು ಕೇಳಿ ತಮ್ಮ ಕಂಪನಿಗೆ ಕರೆದರು. ಅಪ್ಪ ಬೈದ, ಅವ್ವ ಅತ್ತಳು, ಅಕ್ಕ ಹೋದಳು. ಅವಳ ಹಿಂದೆ ನಾನೂ ಹೋದೆ. ಅಲ್ಲಿಂದ ಮುಂದೆ ಊರಲ್ಲಿ ನನಗೆ ಹೆಸರೇ ಉಳಿಯಲಿಲ್ಲ. ಬಸ್ಸಿಳಿದರೆ ಸಾಕು, "ನಾಟಕದಾಕಿ ತಮ್ಮ ಬಂದ ನೋಡ್ರಪ್ಪೋ, ಸರೀರಿ ಸರೀರಿ, ಪರದೆ ಎಳದಾನು!" ಎಂದು ಕಟ್ಟೆಯ ಮೇಲಿದ್ದವರು ನಗುತ್ತಿದ್ದರು. ನಾನೂ ನಕ್ಕಂತೆ ಮಾಡುತ್ತಿದ್ದೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಒಂದು ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು ಅಕ್ಕ ತಮ್ಮ ಇದ್ದೆವು. ಹಗಲು ನಾನು ಲಗೇಜ್ ಆಟೋ ಓಡಿಸುತ್ತಿದ್ದೆ, ಸಂಜೆ ಪರದೆ.

ಮಾಸ್ತರರು ಮಾತಿಗಿಂತ ಹಾಡೇ ಹೆಚ್ಚಿದ್ದ ಒಂದು ನಾಟಕ ಕಟ್ಟಿದ್ದರು. ಕರಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು, ನಾವೆಲ್ಲ ಕಡಲ ನಾಟಕ ಎನ್ನುತ್ತಿದ್ದೆವು. ಕರಾವಳಿಯ ಬೆಸ್ತರು ಹೇಳುವ ಕಥೆಯಂತೆ ಅದು. ಕಡಲನ್ನು ಹೀಯಾಳಿಸಿದ ಒಬ್ಬ ನಾವಿಕನಿಗೆ ಶಾಪ ತಗಲುತ್ತದೆ. ಅವನ ಹಡಗು ಎಲ್ಲಿ ಹೋದರೂ ಮಂಜು ಸುತ್ತಿಕೊಂಡೇ ಬರುತ್ತದೆ, ದಂಡೆ ಕಾಣುವುದೇ ಇಲ್ಲ. ಅವನನ್ನು ಪ್ರೀತಿಸಿದ ಹುಡುಗಿ, ದನಿಯ ಜಾಡು ಹಿಡಿದಾದರೂ ಬರಲಿ ಎಂದು ದಂಡೆಯ ಮೇಲೆ ನಿಂತು ಹಾಡುತ್ತಾಳೆ. ಹಾಡು ನಿಂತರೆ ಹಡಗು ಮತ್ತೆ ದಿಕ್ಕು ತಪ್ಪುತ್ತದೆ. ಹಾಡಿ ಹಾಡಿ, ಹಡಗು ಇನ್ನೇನು ಮುಟ್ಟಿತು ಎನ್ನುವಾಗ ಅವಳ ಉಸಿರು ನಿಲ್ಲುತ್ತದೆ. ತೆರೆ ಬಂದು ಅವಳನ್ನು ಹೊದಿಸುತ್ತದೆ. ಅಂದಿನಿಂದ ಆ ಹಾಡನ್ನು ಕಡಲೇ ಹಾಡುತ್ತಿದೆ ಎಂದು ಮಾಸ್ತರರು ಮುಗಿಸಿದ್ದರು.

ನಮ್ಮಲ್ಲಿ ಕಡಲು ಕಂಡವರು ಯಾರೂ ಇರಲಿಲ್ಲ. "ಹರಿಹರದ ಹೊಳೆ ನೋಡೀಯಲ್ಲವ್ವ? ಅದಕ್ಕೆ ಆಚೆ ದಡ ಇಲ್ಲ ಅಂತ ತಿಳ್ಕ. ಅದೇ ಕಡಲು" ಎಂದು ಮಾಸ್ತರರು ಅಕ್ಕನಿಗೆ ಹೇಳಿಕೊಟ್ಟಿದ್ದರು. ಅವಳು ಅಷ್ಟನ್ನೇ ಹಿಡಿದುಕೊಂಡು ಹಾಡುತ್ತಿದ್ದಳು. "ಇತ್ತ ಬಾ ಇನಿಯಾ, ಇತ್ತಲಿದೆ ದಂಡೆ" ಎನ್ನುವಲ್ಲಿ, ದಂಡೆ ಎಂಬ ಮಾತಿಗೆ ಮುಂಚೆ ಅವಳ ಉಸಿರು ಒಂದಿಷ್ಟು ತಡೆಯುತ್ತಿತ್ತು. ಆ ತಡೆಯಲ್ಲಿ ಇಡೀ ಥಿಯೇಟರು ನೀರಿನಡಿ ಮುಳುಗಿದ ಹಾಗೆ ನಿಶ್ಶಬ್ದವಾಗುತ್ತಿತ್ತು. ಇಬ್ಬರು ಎರಡು ಬದಿಯಿಂದ ಹಿಡಿದು ಅಲುಗಿಸುವ ನೀಲಿ ಬಟ್ಟೆ ನನ್ನ ಕಣ್ಣಿಗೂ ಆಗ ಬಟ್ಟೆಯಾಗಿ ಕಾಣುತ್ತಿರಲಿಲ್ಲ.

ಕಂಪನಿ ನಾಟಕದ ಒಂದು ಪದ್ಧತಿ ನಿಮಗೆ ಗೊತ್ತಿರಬಹುದು. ಹಾಡು ಮನಸ್ಸಿಗೆ ಬಂದರೆ ಜನ "ವನ್ಸ್ ಮೋರ್" ಎಂದು ಕೂಗುತ್ತಾರೆ, ಕೂಗಿದರೆ ಮತ್ತೆ ಹಾಡಲೇಬೇಕು. ಪಾತ್ರ ಸತ್ತಿದ್ದರೂ ಬಿಡುವುದಿಲ್ಲ. ಸತ್ತವರು ಎದ್ದು, ಸೀರೆ ಕೊಡವಿಕೊಂಡು, ಜನರಿಗೆ ಕೈಮುಗಿದು, ಹಾಡಿ ಮತ್ತೊಮ್ಮೆ ಸಾಯುತ್ತಾರೆ. ಇದನ್ನು ತಡೆಯುವ ಉಪಾಯ ಒಂದೇ. ಹಾಡು ಮುಗಿದ ಕೂಡಲೇ ಪರದೆ ಬೀಳಬೇಕು. ಪರದೆ ಬಿದ್ದರೆ ನಾಟಕ ಮುಗಿಯಿತು, ಆಮೇಲೆ ಕೂಗುವುದಿಲ್ಲ. ಅಂದರೆ ಅಕ್ಕ ಎಷ್ಟು ಸಲ ಸಾಯಬೇಕು ಎನ್ನುವುದು ನನ್ನ ಕೈಯ ಹಗ್ಗದಲ್ಲಿತ್ತು.

ಕಂಪನಿ ಹರಿಹರದಲ್ಲಿ ಕ್ಯಾಂಪ್ ಹಾಕಿದ್ದಾಗ ಅಕ್ಕನ ಗಂಟಲು ಕೆಟ್ಟಿತು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಡಾಕ್ಟರು ಕೊಳವೆ ಇಳಿಸಿ ನೋಡಿ, ಹಾಡುವುದನ್ನು ನಿಲ್ಲಿಸದಿದ್ದರೆ ದನಿ ಪೂರ್ತಿ ಹೋಗುತ್ತದೆ ಎಂದರು. ಆದರೆ ಬೇರೆ ಹುಡುಗಿ ಸಿಗುವವರೆಗೆ ನಾಟಕ ನಡೆಯಬೇಕಿತ್ತು. ಅಕ್ಕ ನನ್ನ ತೋಳು ಹಿಡಿದು, "ಒಂದೇ ಸಲ ಹಾಡ್ತೀನಿ. ಕೂಗಿದ್ರೆ ಪರದೆ ಬಿಟ್ಟುಬಿಡು. ಮರೀಬ್ಯಾಡ ತಮ್ಮಾ" ಎಂದಳು. ನಾನು ಹೂಂ ಅಂದೆ. ಕೆಲವು ದಿನ ಹಾಗೆಯೇ ಮಾಡಿದೆ ಕೂಡ. ಜನ ಬೈದುಕೊಂಡು ಏಳುತ್ತಿದ್ದರು.

ಒಂದು ಸಂಜೆ ಮುಂದಿನ ಕುರ್ಚಿಗಳಲ್ಲಿ ಸಾರಥಿಯವರು ಬಂದು ಕೂತಿದ್ದರು. ಅದೇ ಕಟ್ಟೆಯವರು. ಅಕ್ಕ ಕೊನೆಯ ಹಾಡು ಹಾಡಿ ಬಿದ್ದಳು, ನೀಲಿ ಬಟ್ಟೆ ಹೊದಿಸಿದರು. "ವನ್ಸ್ ಮೋರ್" ಎಂದು ಮೊದಲು ಎದ್ದು ನಿಂತು ಕೂಗಿದವರು ಅವರೇ. ಒಬ್ಬ ಕಣ್ಣೊರೆಸಿಕೊಳ್ಳುತ್ತಿದ್ದ. ಹಗ್ಗ ನನ್ನ ಕೈಯಲ್ಲಿತ್ತು. ಬಟ್ಟೆಯಡಿಯಿಂದ ಅಕ್ಕನ ಕೈ ಹೊರಬಂದು, ಬಿಡು ಬಿಡು ಎಂದು ಬೆರಳಾಡಿಸಿತು. ನಾನು ಅದನ್ನು ಕಂಡೆ. ಕಂಡೂ ಬಿಡಲಿಲ್ಲ. ಕೇಳಲಿ, ನಮ್ಮನ್ನು ನೋಡಿ ನಕ್ಕ ಈ ಮಕ್ಕಳು ಇನ್ನೊಂದು ಸಲ ಕೇಳಲಿ ಎಂದುಕೊಂಡೆ. ಅಕ್ಕ ಏಳಲಿಲ್ಲ, ಮಲಗಿದ್ದಲ್ಲಿಂದಲೇ ಹಾಡು ಬಂತು. ಮೊದಲನೆಯದಕ್ಕಿಂತ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅವಳ ಬಾಯಿಂದ ಬರೀ ಗಾಳಿ ಬಂತು. ಆಮೇಲೆ ಪಿಸುಮಾತು ಬಿಟ್ಟು ಬೇರೆ ದನಿ ಬರಲೇ ಇಲ್ಲ. "ಯಾಕ ಬಿಡಲಿಲ್ಲ?" ಎಂದು ಅವಳು ಸನ್ನೆಯಲ್ಲಿ ಕೇಳಿದಾಗ, ರಾಟೆಗೆ ಹಗ್ಗ ಸಿಕ್ಕಿಕೊಂಡಿತ್ತು ಅಂದೆ. ಅವಳು ತಲೆಯಾಡಿಸಿದಳು. ಆಮೇಲೆ ಬಡಾವಣೆಯ ಹೆಂಗಸರ ಸೀರೆಗಳಿಗೆ ಫಾಲ್ ಹೊಲಿಯುತ್ತ ಮನೆಯಲ್ಲಿ ಉಳಿದಳು. ಸುಮಾ ಎಂಬ ಹುಡುಗಿ ಅವಳ ಪಾತ್ರಕ್ಕೆ ಬಂದಳು. ನಾನು ಅದೇ ಹಗ್ಗ ಹಿಡಿದು ನಿಂತೆ.

ಇನ್ನು ನನ್ನನ್ನು ಇದನ್ನು ಬರೆಯಲು ಕೂರಿಸಿದ ಆ ರಾತ್ರಿಯದು. ಮತ್ತೊಂದು ವರ್ಷ ಹರಿಹರದಲ್ಲೇ ಕ್ಯಾಂಪ್. ಸಂಜೆಯ ಆಟ, ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಸುಮಾ ಚೆನ್ನಾಗಿಯೇ ಹಾಡಿ ಬಿದ್ದಳು. ಬಟ್ಟೆ ಹೊದಿಸಿದರು, ಜನ ಕೂಗಿದರು. ನಾನು ಆಗ ಯಾರಿಗೂ ಕಾಯುತ್ತಿರಲಿಲ್ಲ, ಕೂಡಲೇ ಹಗ್ಗ ಬಿಟ್ಟೆ. ಪರದೆ ಬಿತ್ತು. ಜನ ಗೊಣಗುತ್ತ ಎದ್ದರು. ಒಬ್ಬ "ಲೇ, ಪರದೇನ ನಿನ್ನ ತಲೀಗೆ ಸುತ್ತಿಕ್ಯ!" ಎಂದು ಬೈದದ್ದೂ ಕೇಳಿಸಿತು.

ಆಗ ಹಾಡು ಶುರುವಾಯಿತು.

ಸುಮಾ ಮತ್ತೆ ಹಾಡುತ್ತಿದ್ದಾಳೆ ಎಂದುಕೊಂಡು ತಿರುಗಿ ನೋಡಿದೆ. ಅವಳು ಎದ್ದು ಕೂತಿದ್ದಳು, ತೊಡೆಯ ಮೇಲೆ ನೀಲಿ ಬಟ್ಟೆ ಗುಡ್ಡೆಯಾಗಿತ್ತು, ಬಾಯಿ ಮುಚ್ಚಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಬಟ್ಟೆ ಹಿಡಿದ ಇಬ್ಬರೂ ಅದನ್ನು ಕೈಬಿಟ್ಟು ನಿಂತಿದ್ದರು. ಮಾಸ್ತರರ ಬೆರಳು ಹಾರ್ಮೋನಿಯಂ ಮೇಲಿತ್ತು, ತಿದಿ ಒತ್ತುವ ಕೈ ನಿಂತಿತ್ತು. ಹಾಡು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳಲಾಗುತ್ತಿರಲಿಲ್ಲ. ಹೊಳೆಯಲ್ಲಿ ಮುಳುಗಿದಾಗ ದಡದವರ ಮಾತು ಸುತ್ತಲಿಂದ ಬಂದಂತೆ ಕೇಳುತ್ತದಲ್ಲ, ಹಾಗಿತ್ತು. ಇತ್ತ ಬಾ ಇನಿಯಾ, ಇತ್ತಲಿದೆ... ಅಲ್ಲಿ ಉಸಿರು ತಡೆಯಿತು. ಆಮೇಲೆ, ದಂಡೆ.

ಹಾಡು ಮುಗಿಯುವವರೆಗೆ ಯಾರೂ ಅಲುಗಾಡಲಿಲ್ಲ. ಮುಗಿದ ಮೇಲೆ ಚಪ್ಪಾಳೆಯೂ ಬೀಳಲಿಲ್ಲ. ಪರದೆಯಾಚೆ ಚಪ್ಪಲಿಗಳು ಮೆಲ್ಲಗೆ ಸರಿದ ಸದ್ದಷ್ಟೇ. ಮಾಸ್ತರರು ನನ್ನ ಹತ್ತಿರ ಬಂದು, "ಗಿರಿಜವ್ವ ಬಂದಾಳೇನೋ?" ಎಂದರು.

"ಇಲ್ರೀ, ಮನೆಯಾಗೆ ಅದಾಳೆ" ಎಂದೆ.

ಯಾರೋ ಹಳೆಯ ರೆಕಾರ್ಡು ಹಾಕಿರಬೇಕು ಎಂದು ನನಗೂ ಅನ್ನಿಸಿತು. ಮೈಕಿನವನನ್ನು ಕೇಳಿದೆ. ಪರದೆ ಬಿದ್ದ ಕೂಡಲೇ ಅವನು ಮಷೀನು ಬಂದ್ ಮಾಡಿ ವೈರು ಸುತ್ತುತ್ತಿದ್ದನಂತೆ. "ನೀವೇ ಏನೋ ಮಾಡಿದ್ರಿ ಅನ್ಕಂಡೆ" ಎಂದ. ಹೊರಗೆ ಬೀಡಾ ಅಂಗಡಿಯಲ್ಲಿ ಇಬ್ಬರು, ಹಳೇ ಹುಡುಗೀನ ಕರೆಸಿದ್ದು ಚಲೋ ಆತು ಎಂದು ಮಾತಾಡಿಕೊಳ್ಳುತ್ತಿದ್ದರು. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಹರಿಹರದಿಂದ ದಾವಣಗೆರೆಗೆ ಹೇಗೆ ಗಾಡಿ ಓಡಿಸಿದೆನೋ ತಿಳಿಯದು. ರಸ್ತೆಯ ದೀಪಗಳೆಲ್ಲ ನೀರಿನಲ್ಲಿ ಕಂಡ ಹಾಗೆ ನಡುಗುತ್ತಿದ್ದವು. ಅಕ್ಕನಿಗೆ ಏನೋ ಆಗಿದೆ ಎಂದೇ ನನ್ನ ಹೆದರಿಕೆ. ಬಾಗಿಲು ತೆರೆದೇ ಇತ್ತು. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿ, "ಯಾಕ, ಯಾರಿಗಾರ ಗುದ್ದಿ ಬಂದೇನು?" ಎಂದು ಪಿಸುಗುಟ್ಟಿದಳು.

ನಾನು ಒಲೆಯ ಪಕ್ಕ ಹೋಗಿ ಕೂತೆ. ಥಿಯೇಟರಿನಲ್ಲಿ ನಡೆದದ್ದನ್ನು ಹೇಳಬೇಕೆಂದು ಬಾಯಿ ತೆರೆದರೆ ಬೇರೆಯದೇ ಬಂತು. ಹಗ್ಗ ಸಿಕ್ಕಿಕೊಂಡಿರಲಿಲ್ಲ ಅಕ್ಕಾ, ನಿನ್ನ ಕೈ ಕಂಡಿದ್ದೆ, ಸಾರಥಿಯವರು ಕೇಳಲಿ ಅಂತ ಬಿಡಲಿಲ್ಲ, ನಿನ್ನ ದನಿ ತಿಂದವನು ನಾನೇ ಎಂದೆ. ಆಮೇಲೆ ಸುಮಾಳ ಮುಚ್ಚಿದ ಬಾಯಿಯ ವಿಷಯವನ್ನೂ ಹೇಳಿದೆ.

ಅಕ್ಕ ಹೆಂಚಿನ ಮೇಲಿನ ರೊಟ್ಟಿ ತೆಗೆದಿಟ್ಟಳು. "ಆವತ್ತೂ ಎರಡನೇ ಸಲ ನಾನು ಹಾಡಲಿಲ್ಲ ತಮ್ಮಾ" ಎಂದಳು. "ಬಾಯಿ ತೆಗೆದೆ, ಏನೂ ಬರಲಿಲ್ಲ. ಬಟ್ಟೆ ಒಳಗೆ ಮಲಗಿ ನಾನೂ ಕೇಳ್ತಿದ್ದೆ."

"ಮತ್ತೆ ಯಾರು ಹಾಡಿದ್ದು?"

"ನನಗೇನು ಗೊತ್ತು. ನಾನು ಮುಖ ಮುಚ್ಕಂಡಿದ್ದೆ. ಎದ್ದು ನಿಂತಿದ್ದವ ನೀನು, ನೀನು ನೋಡಿರ್ತೀಯ ಅನ್ಕಂಡಿದ್ದೆ." ಅಷ್ಟು ಹೇಳಿ ತಟ್ಟೆ ನನ್ನ ಮುಂದೆ ಸರಿಸಿದಳು. "ಉಣ್ಣು, ಆರ್ತೈತೆ."

ಮುಂದೆ ಎಷ್ಟು ಸಲ ಕೇಳಿದರೂ ಅವಳು ಆ ಮಾತಿಗೆ ಮತ್ತೆ ಬಂದಿಲ್ಲ, ನಕ್ಕು ಹೊಲಿಗೆ ಎತ್ತಿಕೊಳ್ಳುತ್ತಾಳೆ. ಅಕ್ಕ ಸುಳ್ಳು ಹೇಳುವವಳಲ್ಲ. ಆದರೆ ನನ್ನ ಸಲುವಾಗಿ ಒಂದು ಸುಳ್ಳು ಹೇಳಬೇಕಾಗಿ ಬಂದರೆ ಹೇಳದೆ ಇರುವವಳೂ ಅಲ್ಲ. ಹರಿಹರದಲ್ಲಿ ಪರದೆ ಬಿದ್ದ ಮೇಲೆ ನಾನು ಕೇಳಿದ್ದು ನಿಜ, ಅದನ್ನು ಮಾಸ್ತರರೂ ಕೇಳಿದ್ದಾರೆ, ಬೀಡಾ ಅಂಗಡಿಯಲ್ಲಿದ್ದವರೂ ಕೇಳಿದ್ದಾರೆ. ಹಾಗಿದ್ದರೆ ಅಕ್ಕ ಹೇಳಿದ್ದೂ ನಿಜವಿರಬಹುದು. ಎಷ್ಟೋ ರಾತ್ರಿ ಅವಳು ಆಚೆ ಮಗ್ಗುಲಾಗಿ ಮಲಗಿರುವಾಗ ಇದನ್ನೇ ಕೂಡಿಸಿ ಕಳೆದು ನೋಡುತ್ತೇನೆ. ಅವಳ ಮಾತು ನಂಬಿದರೆ ಎರಡನೇ ಹಾಡಿಗೆ ಮುಂಚೆಯೇ ಅವಳ ದನಿ ಹೋಗಿತ್ತು ಎಂದಾಗುತ್ತದೆ, ನನ್ನ ತಪ್ಪು ಹಗುರಾಗುತ್ತದೆ. ಅದಕ್ಕೇ ನಂಬಲು ನನಗೆ ಭಯ.