ಇಡೀ ತರಗತಿಗೆ ಒಬ್ಬಳೇ ಅಜ್ಜಿ

ಭದ್ರಾವತಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ನನ್ನ ನಾದಿನಿ ಆಲ್ಕೊಳದ ನಮ್ಮ ಮನೆಯಲ್ಲೇ ಇರುವುದು. ಆ ಶನಿವಾರ ಬಸ್ಸಿಳಿದು ಬಂದವಳು, ನಾನು ಬೀನ್ಸ್ ನಾರು ತೆಗೆಯುತ್ತಿದ್ದ ಮೊರದ ಪಕ್ಕ ಹಾಳೆಗಳ ಕಟ್ಟನ್ನಿಟ್ಟಳು.

“ಓದಿ ಅತ್ತಿಗೆ. ನಗಬೇಡಿ ಮಾತ್ರ.”

ಅವಳ ವಿದ್ಯಾರ್ಥಿಗಳು ಬರೆದ ‘ನಮ್ಮ ಮನೆಯ ಭೂಮಿ ಹುಣ್ಣಿಮೆ’. ಬೆಳೆ ಹೊತ್ತ ಹೊಲವನ್ನು ಬಸುರಿಯೆಂದು ಬಗೆದು, ನಸುಕಿನಲ್ಲೇ ಬಗೆಬಗೆಯ ಅಡುಗೆ ಒಯ್ದು ಉಣಿಸುವ ಹಬ್ಬವದು. ಬರೆಯುವಾಗ ಎಐ ಸಹಾಯ ಪಡೆಯಬಹುದೆಂದು ಅವಳೇ ಒಪ್ಪಿಗೆ ಕೊಟ್ಟಿದ್ದಳು. ಮೊದಲ ಹಾಳೆಯಲ್ಲಿ ಹಸಿರು ಸೀರೆಯ ಅಜ್ಜಿಯೊಬ್ಬಳು ದೀಪ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಮಣ್ಣಿನ ಮಹಿಮೆ ಹೇಳುತ್ತಿದ್ದಳು. ಎರಡನೆಯದರಲ್ಲೂ ಅದೇ ಸೀರೆ, ಅದೇ ಕಣ್ಣೀರು. ಕಾರ್ಖಾನೆ ಕ್ವಾರ್ಟರ್ಸಿನಲ್ಲಿರುವ ತಮಿಳು ಮನೆಯ ಹುಡುಗಿಗೂ ಭತ್ತದ ಗದ್ದೆ ಬಂದುಬಿಟ್ಟಿತ್ತು.

“ಇಡೀ ಕ್ಲಾಸಿಗೆ ಒಬ್ಳೇ ಅಜ್ಜಿ ಮಾರಾಯ್ತಿ,” ಎಂದು ನಕ್ಕೇಬಿಟ್ಟೆ.

“ಪ್ರಿನ್ಸಿಪಾಲ್ರು ನಗಲಿಲ್ಲ. ಎಲ್ರಿಗೂ ಸೊನ್ನೆ ಹಾಕಿ, ಎಐ ಸಹವಾಸ ಇಲ್ಲಿಗೆ ಸಾಕು ಅಂದ್ರು. ನಾನು ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಬೇಡ್ಕೊಂಡೆ. ಮತ್ತೆ ಬರೆಸೋಕೆ ಬುಧವಾರದವರೆಗೆ ಟೈಮ್ ಕೊಟ್ಟಿದಾರೆ.”

ನಮ್ಮ ಕಾನ್ವೆಂಟಿನ ಸಿಸ್ಟರ್ ನೆನಪಾದರು. ಏನು ಕೇಳಿದರೂ ಉತ್ತರ ಹೇಳದೆ, ತಿರುಗಿ ನಮ್ಮನ್ನೇ ಒಂದು ಪ್ರಶ್ನೆ ಕೇಳುತ್ತಿದ್ದರು.

“ಎಐಗೆ ‘ಬರಿ’ ಅನ್ನೋ ಬದ್ಲು, ‘ಕೇಳು’ ಅಂತ ಹೇಳಿದ್ರೆ?” ಎಂದೆ.

ಅವಳು ಫೋನು ತೆಗೆದು, ‘ನೀನೇನೂ ಬರೆಯಬೇಡ, ನಮ್ಮ ಭೂಮಿ ಹುಣ್ಣಿಮೆಯ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳು’ ಎಂದು ಟೈಪ್ ಮಾಡಿದಳು. ಅದು ಹೆಣ್ಣು ನೋಡಲು ಬಂದವರ ಹಾಗೆ ಬಹಳ ವಿನಯದಿಂದ ಶುರುಮಾಡಿತು. ಏನೇನು ಅಡುಗೆ, ಹೇಗೆ ಒಯ್ಯುತ್ತೀರಿ? ಸಗಣಿ ಸಾರಿಸಿ ಚಿತ್ತಾರ ಬರೆದ ಬುಟ್ಟಿಯ ಬಗ್ಗೆ ಹೆಮ್ಮೆಯಿಂದಲೇ ಹೇಳಿದೆ. ಒಂದು ತುತ್ತನ್ನು ಮಣ್ಣಿನಲ್ಲಿ ಹೂಳುತ್ತೇವೆ ಎಂದೂ ಹೇಳಿದೆ. ಏಕೆ ಹೂಳುತ್ತೀರಿ ಎಂದಿತು. ಹೊಳೆಹೊನ್ನೂರಿಗೆ, ಅಮ್ಮನಿಗೆ ಫೋನು ಹಚ್ಚಿದೆ.

“ಯಾರೇ ಕೇಳ್ತಿರೋದು?”

“ಕಂಪ್ಯೂಟರ್, ಅಮ್ಮ.”

“ಅದಕ್ಕೇನು ಗೊತ್ತು ಬಸುರಿ ಬಯಕೆ. ತಿಂದಿದ್ದು ಹೊಟ್ಟೆಗೆ ಹೋಗ್ಬೇಕಲ್ವೇನೆ? ಮೇಲೆ ಚೆಲ್ಲಿ ಬಂದ್ರೆ ಕಾಗೆ ತಿನ್ನುತ್ತೆ. ಕಾಗೆ ಪಾಲು ಬೇರೆ ಇಡ್ತೀವಲ್ಲ.”

ನಾದಿನಿ ಸೋಮವಾರ ಮಕ್ಕಳಿಗೆ ಇದನ್ನೇ ಹೇಳಿದಳು. ಎಐ ಬರೀ ಕೇಳಬೇಕು. ಗೊತ್ತಿಲ್ಲದ್ದನ್ನು ಮನೆಯವರ ಹತ್ತಿರ ಕೇಳಿ, ಕೈಯಲ್ಲೇ ಬರೆಯಬೇಕು. ಮನೆಯಲ್ಲಿ ಹಬ್ಬವೇ ಇಲ್ಲದಿದ್ದರೆ ಇಲ್ಲ ಎಂದು ಬರೆದರೂ ಸರಿ.

ತಮಿಳು ಮನೆಯ ಹುಡುಗಿ ಹಾಗೆಯೇ ಬರೆದಳು. ಹೊಲವಿಲ್ಲ, ಹಬ್ಬವೂ ಇಲ್ಲ. ಆದರೆ ಪಕ್ಕದ ಮನೆಯವರು ಹಬ್ಬದ ದಿನ ಕಳಿಸುವ ಕಡುಬಿನಲ್ಲಿ ಒಂದು ಚೂರನ್ನು ಅವಳ ಅಜ್ಜಿ ಬಾಗಿಲ ಬಳಿಯ ಮಲ್ಲಿಗೆ ಕುಂಡದ ಮಣ್ಣಿಗೆ ಒತ್ತಿ, ಆಮೇಲೆ ತಿನ್ನುತ್ತಾರಂತೆ. ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇವಳು ಕೇಳಿದ್ದಕ್ಕೆ, “ಅದೂ ಮೊಗ್ಗು ಹೊತ್ತಿದೆ, ಅದಕ್ಕೂ ಆಸೆ ಇರುತ್ತಲ್ಲ” ಎಂದರಂತೆ.

ಬುಧವಾರ ಸಂಜೆ ನಾದಿನಿಯ ಫೋನು ಬಂತು. ಪ್ರಿನ್ಸಿಪಾಲರು ಮೊದಲ ಹಾಳೆಯನ್ನು ನಿಂತೇ ಓದಿದರಂತೆ, ಉಳಿದವನ್ನು ಕೂತು. “ಅಂಕ ಕೊಡಿ ಮೇಡಂ. ಮುಂದಿನ ಸಲ ಎಐ ಕೇಳಿದ ಪ್ರಶ್ನೆಗಳನ್ನೂ ಜೊತೆಗೆ ಇಡಿಸಿ” ಎಂದರಂತೆ.

“ಆ ಹುಡುಗಿಗೆ ಸ್ವಲ್ಪ ಜಾಸ್ತಿ ಕೊಡ್ಲಾ ಅತ್ತಿಗೆ? ಪಕ್ಷಪಾತ ಅಂತಾರಾ?”

“ಅನ್ನಲಿ ಬಿಡು, ಕೊಡು. ಬರ್ತಾ ಹಾಲು ತಗೊಂಡು ಬಾ.”