ವೆಲಿಲೆ ಮೇಷ್ಟ್ರ ಎರಡನೆಯ ಹಾಡು

ದಕ್ಷಿಣ ಆಫ್ರಿಕದ ಕರಿಯರ ಬಡಾವಣೆ ನ್ಯೂ ಬ್ರೈಟನ್‌ನಲ್ಲಿ ಜಾಝ್ ಎಂದರೆ ಭಾನುವಾರದ ವ್ರತ. ಬೆಳಿಗ್ಗೆ ಚರ್ಚಿನಲ್ಲಿ ತೂಕಡಿಸುವ ಗಂಡಸರೆಲ್ಲ ಮಧ್ಯಾಹ್ನ ಎರಡು ಬಣ್ಣದ ಬೂಟಿಗೆ ಪಾಲಿಶ್ ಹೊಡೆದು, ಟೋಪಿ ಓರೆ ಮಾಡಿ, ಹಳೆಯ ರೆಕಾರ್ಡುಗಳನ್ನು ಕಂಕುಳಲ್ಲಿ ಅವುಚಿಕೊಂಡು ಕ್ಲಬ್ಬಿಗೆ ಬರುತ್ತಾರೆ. ಅಲ್ಲಿ ಕಾನೂನು ಬಿಗಿ. ರೆಕಾರ್ಡು ತಂದವನು ಅದರ ಹೊದಿಕೆಯನ್ನು ಎತ್ತಿ ಹಿಡಿದು ನುಡಿಸಿದವರ ಹೆಸರನ್ನೂ ಹಾಡಿನ ಹೆಸರನ್ನೂ ಸಾರಬೇಕು. ಸಾರಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದವನು ಎಲ್ಲರಿಗೂ ಬಿಯರ್ ಕುಡಿಸಬೇಕು. ಸಾರುವ ತನಕ ಮಾತ್ರ ಅದು ಸಂತೆ.

ಈ ಕ್ಲಬ್ಬಿನ ದೇವರು ವೆಲಿಲೆ ಮಟೋಲೆಂಗ್ವೆ. ದೇವರು ಕಲ್ಲಾಗಿಯೇ ಇದ್ದರೆ ಭಕ್ತರಿಗೆ ಅನುಕೂಲ, ಎದ್ದು ಮಾತಾಡಿದರೆ ತೊಂದರೆ.

ತಾಯಿ ಚರ್ಚು ಗುಡಿಸುವಾಗ ಅಲ್ಲಿನ ಹಾರ್ಮೋನಿಯಂ ಮುಂದೆ ಕೂತು ಕಲಿತವರು ಅವರು. ಹರೆಯದಲ್ಲಿ ಸಮುದ್ರದಂಡೆಯ ಹೋಟೆಲೊಂದರಲ್ಲಿ ಬಿಳಿಯರ ಊಟಕ್ಕೆ ಪರದೆಯ ಹಿಂದೆ ಕೂತು ಪಿಯಾನೋ ನುಡಿಸಿದರು. ಸಂಗೀತ ಬೇಕಿತ್ತು, ನುಡಿಸುವವನ ಮುಖ ಬೇಕಿರಲಿಲ್ಲ. ಆಮೇಲೆ ಮೂವರು ಗೆಳೆಯರ ಜೊತೆ ಜೋಹಾನ್ಸ್‌ಬರ್ಗಿಗೆ ಹೋಗಿ, ತಾವೇ ಕಟ್ಟಿದ 'ಕೊರ್‌ಸ್ಟೆನ್ನಿನ ಕೊನೆಯ ಬಸ್ಸು' ಎಂಬ ಹಾಡನ್ನು ರೆಕಾರ್ಡು ಮಾಡಿಸಿ ಬಂದರು. ಅಲ್ಲಿನ ಪಿಯಾನೋದ ಒಂದು ಮನೆ ಒತ್ತಿದರೆ ಸದ್ದೇ ಬರುತ್ತಿರಲಿಲ್ಲ. ಪಾಪ, ಆ ಸ್ವರವನ್ನು ಹಾರಿಸಿ ಹಾರಿಸಿ ಕುಂಟುತ್ತ ನುಡಿಸಿದರು. ಜನ ಆ ಕುಂಟುನಡೆಗೇ ಮರುಳಾದರು. ಮುಂದೊಮ್ಮೆ ಒಳ್ಳೆಯ ಪಿಯಾನೋ ಸಿಕ್ಕಿತೆಂದು ಆ ಸ್ವರ ಸೇರಿಸಿ ನುಡಿಸಿದಾಗ, "ಮೇಷ್ಟ್ರೇ, ತಪ್ಪಿದ್ರಿ!" ಎಂದು ಸಭೆಯಿಂದ ಒಬ್ಬ ಕೂಗಿಯೇ ಬಿಟ್ಟ.

ಗೆಳೆಯರಲ್ಲಿ ಇಬ್ಬರು ಸತ್ತರು, ಒಬ್ಬ ದೇಶ ಬಿಟ್ಟ. ಹೆಂಡತಿ ನೊಜುಕೊಳ ಕಾಯಿಲೆಗೆಂದು ವೆಲಿಲೆ ಇಲ್ಲೇ ಉಳಿದು, ಶಾಲೆಯ ಹಳೆಯ ಪಿಯಾನೋದಲ್ಲಿ ಪಾಠ ಹೇಳಿದರು. ಬಂದವರೆಲ್ಲ ಕೇಳಿದ್ದು ಒಂದೇ: "ಕೊನೆಯ ಬಸ್ಸು ಕಲಿಸಿ." "ನನ್ನ ನಕಲು ಮಾಡೋಕೆ ರೆಕಾರ್ಡಿದೆ, ನೀನ್ಯಾಕೆ?" ಎಂದು ಬೈದು ಕಳಿಸುತ್ತಿದ್ದರು. ಉಳಿದವಳು ಲಿಂಡೆಲ್ವಾ, ಆಸ್ಪತ್ರೆಯ ನರ್ಸು. ಅವಳು ಬಸ್ಸಿನ ಮಾತೇ ಎತ್ತಲಿಲ್ಲ.

ನೊಜುಕೊ ತೀರಿಕೊಂಡ ಮೇಲೆ ಅವರು ಅವಳಿಗಾಗಿ ಒಂದು ಹಾಡು ಕಟ್ಟಿದರು. ವರ್ಷಗಟ್ಟಲೆ ಕಟ್ಟಿದರು. ಕಾಗದದ ಮೇಲೆ ಇಳಿಸಲಿಲ್ಲ, ನಕಲಾದೀತೆಂದು ಲಿಂಡೆಲ್ವಾಳಿಗೂ ಕೇಳಿಸಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಎಡಗೈಯ ಎರಡು ಬೆರಳು ಜೋಮು ಹಿಡಿದವು. ಹೋದದ್ದು ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ ಎಂದರು ಡಾಕ್ಟರು. ಅದಕ್ಕೆ ಮುಂಚೆ ಒಂದೇ ಒಂದು ಸಲ, ಪರದೇಶದವರಲ್ಲ, ಈ ಟೋಪಿಯ ಗಂಡಸರು, ನೊಜುಕೊಳನ್ನು ಕಂಡಿದ್ದವರು, ಅದನ್ನು ಕೇಳಬೇಕು. ಮೇಷ್ಟ್ರಿಗೆ ಉಳಿದಿದ್ದ ಆಸೆ ಅಷ್ಟೇ.

ಕ್ಲಬ್ಬಿನವರು ಸನ್ಮಾನ ಇಟ್ಟುಕೊಂಡರು. ಬಾಡಿಗೆಗೆ ಪಿಯಾನೋ ಬಂತು. ಹಿತ್ತಲಿನಲ್ಲಿ ಕುರಿಯ ಬೋಟಿ ಬೇಯುತ್ತಿತ್ತು.

"ತಾತ, ಹೊಸಾ ಹಾಡು ಅಂತ ಮೊದಲು ಹೇಳ್ಬಿಡಿ," ಎಂದಳು ಲಿಂಡೆಲ್ವಾ.

"ಹೆಸರು ಸಾರಿಸಿಕೊಳ್ಳೋಕೆ ನಾನೇನು ರೆಕಾರ್ಡಾ? ಕಿವಿ ಇದ್ದೋರಿಗೆ ಗೊತ್ತಾಗುತ್ತೆ ಬಿಡು."

ಕೂತರು, ಶುರು ಮಾಡಿದರು. ಕುರ್ಚಿ ಎಳೆಯುವ ಸದ್ದು. "ಏಯ್, ಉಪ್ಪು ಈ ಕಡೆ ತಳ್ಳೋ." "ಬೂಟು ಹೊಸದೇನೋ? ಹೆಂಡ್ತಿ ತಮ್ಮಂದಾ?" ಇನ್ನೇನು ಸುಮ್ಮನಾದಾರು ಎಂದುಕೊಂಡರು ವೆಲಿಲೆ. ನೊಜುಕೊ ಅಡುಗೆಮನೆಯಲ್ಲಿ ಗುನುಗುತ್ತ ಓಡಾಡುವ ಜಾಗ ಬಂತು. ಸತ್ತ ಬೆರಳುಗಳ ಕೆಲಸವನ್ನೂ ಉಳಿದವುಗಳಿಂದ ಮಾಡಿಸಿದರು. ಎಲ್ಲೂ ತಪ್ಪಲಿಲ್ಲ. ಬದುಕಿನಲ್ಲೇ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ, ಅದು ಅವರಿಗೇ ಗೊತ್ತಿತ್ತು. ಮುಗಿಸಿ, ತಲೆ ಎತ್ತಿದರು.

ಅಧ್ಯಕ್ಷ ಮೊಂಗೇಜಿ ಪ್ರೀತಿಯಿಂದ ಬಂದು ಭುಜ ತಟ್ಟಿದ. "ಕೈ ಬಿಸಿ ಆಯ್ತಾ ಮೇಷ್ಟ್ರೇ? ಹಾಗಾದ್ರೆ ಇನ್ನು ಶುರು ಮಾಡೋಣ." ಆಮೇಲೆ ಸವೆದ ಹೊದಿಕೆಯೊಂದನ್ನು ಎತ್ತಿ ಹಿಡಿದ. "ಪಿಯಾನೋದಲ್ಲಿ ವೆಲಿಲೆ ಮಟೋಲೆಂಗ್ವೆ! ಹಾಡು, ಕೊರ್‌ಸ್ಟೆನ್ನಿನ ಕೊನೆಯ ಬಸ್ಸು!"

ಹಾಲ್ ಗಪ್‌ಚಿಪ್ಪಾಯಿತು. ಸೂಜಿ ಬಿದ್ದರೂ ಕೇಳಿಸುವಷ್ಟು.

"ಅದು ಕೈ ಬಿಸಿ ಮಾಡಿದ್ದಲ್ಲ ಕಣ್ರೀ, ಅದು..." ಎಂದು ಎದ್ದಳು ಲಿಂಡೆಲ್ವಾ.

"ಶ್! ಬಿಯರ್! ಬಿಯರ್! ನರ್ಸಮ್ಮ ಸಿಕ್ಕಿಬಿದ್ಲು!" ಎಂದು ಹಾಲೆಲ್ಲ ನಕ್ಕಿತು.

ಇನ್ನೊಮ್ಮೆ ನುಡಿಸುತ್ತೇನೆ ಕೇಳಿ ಎನ್ನಲು ವೆಲಿಲೆಗೆ ನಾಲಿಗೆ ತುದಿಗೆ ಬಂತು. ಆದರೆ ಎಡಗೈ ತೊಡೆಯ ಮೇಲಿಂದ ಏಳಲೇ ಇಲ್ಲ. ಬಲಗೈಯನ್ನೇ ನೆಚ್ಚಿಕೊಂಡು ಕೊನೆಯ ಬಸ್ಸನ್ನು ಕುಂಟುವಲ್ಲೆಲ್ಲ ಕುಂಟಿಸಿ ನುಡಿಸಿದರು. ಗಂಡಸರು ಒಬ್ಬೊಬ್ಬರಾಗಿ ಎದ್ದು ಕುಣಿದರು, ಕೆಲವರು ಅತ್ತರು. ಅವರಿಗೆ ಮೇಷ್ಟ್ರ ಮೇಲೆ ಪ್ರೀತಿಯಿತ್ತು, ಅದೇ ಸಂಕಟ. ಕೆಟ್ಟವರಾಗಿದ್ದರೆ ಶಾಪವಾದರೂ ಹಾಕಬಹುದಿತ್ತು.

ಮನೆಗೆ ಹೋಗುವಾಗ ಕಾರಿನಲ್ಲಿ ಲಿಂಡೆಲ್ವಾ ಕಣ್ಣೊರೆಸಿಕೊಂಡಳು. "ನಾನು ಕೇಳಿದೆ ತಾತ. ಪೂರ್ತಿ ಕೇಳಿಸ್ಲಿಲ್ಲ, ಆ ಗಲಾಟೇಲಿ. ಅದನ್ನ ನಂಗೆ ಕಲಿಸಿ. ನಕಲೇ ಆಗ್ಲಿ ಬಿಡಿ."

ವೆಲಿಲೆ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

"ಯಾವ ಕೈಯಲ್ಲಿ ಮಗಳೇ?" ಎಂದರು.