ಲೆಕ್ಕಕ್ಕೆ ಬಾರದ ಜ್ವರ

ಕೊರೋನಾದ ಎರಡನೇ ಅಲೆ ಬಂದ ಬೇಸಿಗೆಯಲ್ಲಿ ನನ್ನ ಕೆಲಸ ಏನಿತ್ತೆಂದರೆ, ಜ್ವರ ಬಂದವರಿಗೆ ಫೋನ್ ಮಾಡಿ ಬೈಸಿಕೊಳ್ಳುವುದು. ಯಾರ ಜೊತೆ ಕೂತಿದ್ದಿರಿ, ಎಲ್ಲಿ ಉಂಡಿರಿ, ಯಾವ ಬಸ್ಸು ಹತ್ತಿದಿರಿ ಎಂದು ಕೇಳಿ ಕೇಳಿ, ರೋಗ ಯಾರಿಂದ ಯಾರಿಗೆ ಹೋಯಿತೆಂದು ಗೆರೆ ಎಳೆಯಬೇಕಿತ್ತು. ಹೈದರಾಬಾದಿನ ಒಂದು ಕಲ್ಯಾಣ ಮಂಟಪವನ್ನೇ ಆಫೀಸು ಮಾಡಿ ನಮ್ಮನ್ನೆಲ್ಲ ಅಲ್ಲಿ ಕೂರಿಸಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ದೇಶದ ದೊಡ್ಡ ನಕಾಶೆ. ಮುಂಬೈಯಿಂದ ಇಲ್ಲಿಗೆ, ಇಲ್ಲಿಂದ ಯಾದಗಿರಿಗೆ, ರಾಯಚೂರಿಗೆ, ಅಲ್ಲಿಂದ ಗೋವೆಗೆ ಕೆಂಪು ಗೆರೆಗಳು. ನಾನು ಮಲ್ಕಾಜ್‌ಗಿರಿಯಲ್ಲಿ ಹುಟ್ಟಿ ಬೆಳೆದವಳು, ರೈಲ್ವೆ ಗುಮಾಸ್ತರ ಮಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದವನ ಜೊತೆ ಜಗಳಕ್ಕೆ ದಖನಿ ಉರ್ದು. ಹಾಗಾಗಿ ಕನ್ನಡದವರ ಫೋನುಗಳೆಲ್ಲ ನನ್ನ ತಲೆಗೇ ಕಟ್ಟಿದ್ದರು.

ಒಬ್ಬರಾದರೂ ನೆಟ್ಟಗೆ ನಿಜ ಹೇಳಿದ್ದರೆ ಕೇಳಿ. “ಎಲ್ಲೂ ಹೋಗಿಲ್ರಿ, ಮನ್ಯಾಗೇ ಇದ್ವಿ” ಅನ್ನುವವನ ಹಿಂದೆ ಮದುವೆಯ ಬ್ಯಾಂಡು ಬಾರಿಸುತ್ತಿರುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. “ಬಾಜಾ ಕೇಳಾಕತ್ತೈತಲ್ಲಪಾ, ಅದೇನು ನಿಮ್ಮ ಅಡಗಿಮನ್ಯಾಗ ಬಾರಿಸ್ತಾರೇನು?” ಎಂದು ಕೇಳಿದರೆ ಫೋನ್ ಕಟ್. ಸುಳ್ಳಿನ ಮೇಲೆ ಎಳೆದ ಗೆರೆ ಸುಳ್ಳೇ ಅಲ್ಲವೆ? ಆ ಸುಳ್ಳು ಗೆರೆಯ ತುದಿಯಲ್ಲಿ ಸಿಕ್ಕವರ ಗತಿ ಏನಾಗುತ್ತದೆಂದು ಯಾರೂ ಯೋಚಿಸುತ್ತಿರಲಿಲ್ಲ. ಪೊಲೀಸರು ಬೀದಿಗೆ ಬೊಂಬು ಕಟ್ಟಿ ಹೋಗುತ್ತಿದ್ದರು. ಉಳಿದದ್ದನ್ನು ನೆರೆಹೊರೆಯವರು ನೋಡಿಕೊಳ್ಳುತ್ತಿದ್ದರು.

ಹಾಗಿರುವಾಗ ಒಂದು ದಿನ ನನ್ನ ಮುಂದಿನ ಪರದೆಯ ಮೇಲೆ ಕುಷಾಯಿಗೂಡದ ವಿಳಾಸ ಬಂತು. ಅದು ನಮ್ಮ ಸೋದರತ್ತೆಯ ಮನೆ.

ಅತ್ತೆಯ ಗಂಡ, ಅಂದರೆ ನಮ್ಮ ಮಾಮ, ತೀರಿಕೊಂಡು ವಾರವೂ ಆಗಿರಲಿಲ್ಲ. ಕಾರ್ಖಾನೆಯಿಂದ ನಿವೃತ್ತರಾಗಿ ಮಹಡಿ ಕಟ್ಟಿಸುತ್ತಿದ್ದ ಮನುಷ್ಯ. ಆ ಮಹಡಿಯ ಕಾವಲಿಗೆಂದು ಕಾಂಪೌಂಡಿನಲ್ಲೇ ಒಂದು ತಗಡಿನ ಶೆಡ್ಡು ಹಾಕಿ, ಯಾದಗಿರಿ ಕಡೆಯ ಗಂಡ-ಹೆಂಡತಿಯನ್ನು ಇಟ್ಟುಕೊಂಡಿದ್ದರು. ಗಂಡ ದಿನಾ ಕಂತ್ರಾಟುದಾರನ ಟೆಂಪೋ ಹತ್ತಿ ಮಾದಾಪುರದ ಗಾಜಿನ ಕಟ್ಟಡಗಳಿಗೆ ಕಲ್ಲು ಕೂರಿಸಲು ಹೋಗುವನು. ಹೆಂಡತಿ ಅತ್ತೆಯ ಮನೆಯ ಪಾತ್ರೆ, ಬಟ್ಟೆ, ಕಸ, ಎಲ್ಲ. ಅವರ ಮೂರು ವರ್ಷದ ಮಗಳು ಊರಲ್ಲಿ ಅಜ್ಜಿಯ ಹತ್ತಿರ. ಮಾಮ, ಈಕೆ, ಈಕೆಯ ಗಂಡ, ಮೂವರಿಗೂ ರೋಗ ಬಡಿಯಿತು. ಮಾಮ ದೊಡ್ಡ ಆಸ್ಪತ್ರೆಯಲ್ಲಿ ಹೋದರು. ಅವರ ಬೆನ್ನಿಗೇ ಆಕೆಯ ಗಂಡ ಸರ್ಕಾರಿ ಆಸ್ಪತ್ರೆಯ ವರಾಂಡದಲ್ಲಿ ಹೋದ. ಈಕೆ ಬದುಕಿಕೊಂಡಳು. ಬದುಕಿದ್ದೇ ತಪ್ಪಾಯಿತು.

ಅತ್ತೆಯ ಮನೆಯವರು ಹೇಳಿ ಬರೆಸಿದ ಕತೆ ಹೀಗಿತ್ತು: ಗಂಡ ಮಾದಾಪುರದಿಂದ ರೋಗ ಹೊತ್ತು ತಂದ, ಹೆಂಡತಿಗೆ ಕೊಟ್ಟ, ಹೆಂಡತಿ ಪಾತ್ರೆ ತೊಳೆಯುವ ನೆಪದಲ್ಲಿ ಮನೆಯೊಳಕ್ಕೆ ತಂದು ಮಾಮನಿಗೆ ಕೊಟ್ಟಳು. ಆಕೆ ಆಸ್ಪತ್ರೆಯಲ್ಲಿ ಇದ್ದಾಗಲೇ ಶೆಡ್ಡಿನ ಸಾಮಾನನ್ನು ಗಂಟು ಕಟ್ಟಿ ಗೇಟಿನ ಹೊರಗೆ ಎಸೆದು, ಮೇಲೆ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ಅಷ್ಟಕ್ಕೇ ಬಿಟ್ಟರೆ? ಅತ್ತೆಯ ಮಗ, ಮಾದಾಪುರದಲ್ಲೇ ಕಂಪ್ಯೂಟರ್ ಕೆಲಸದವನು, ಅವರ ಊರಿಗೇ ಫೋನ್ ಮಾಡಿ “ನಿಮ್ಮವರು ನಮ್ಮಪ್ಪನ್ನ ಕೊಂದ್ರು” ಎಂದು ಹೇಳಿ ಪುಣ್ಯ ಕಟ್ಟಿಕೊಂಡಿದ್ದ.

ನಾನು ಆಕೆಗೆ ಫೋನ್ ಮಾಡಿದಾಗ ಆಕೆ ಮುಚ್ಚಿದ ಒಂದು ಶಾಲೆಯಲ್ಲಿದ್ದಳು. ವಾಸಿಯಾದವರನ್ನು ಕೆಲವು ದಿನ ಅಲ್ಲಿಡುತ್ತಿದ್ದರು.

“ಅಕ್ಕಾರ, ನನಗ ಮತ್ತೇನೂ ಬ್ಯಾಡ್ರಿ,” ಎಂದಳು. “ಕೂಸಿನ ಮಾರಿ ನೋಡಬೇಕು, ಅಷ್ಟ. ಊರ ಹಿರ್ಯಾರು ಅಗಸಿ ಬಾಗಿಲಾಗ ಪಂಚಾಯ್ತಿ ಕುಂತಾರಂತ್ರಿ. ಮಾಲಕನ್ನ ಕೊಂದ ರೋಗಾ ತಂದಾಕಿ ಊರಾಗ ಕಾಲಿಡಬಾರದು ಅನ್ನಾಕತ್ತಾರ. ನಮ್ಮತ್ತಿ ಒಬ್ಬಾಕೇ ನನ್ನ ಪರವಾಗಿ ಬಡದಾಡಾಕತ್ತಾಳ. ‘ನನ್ನ ಮಗನೇ ಆಕಿಗೆ ರೋಗಾ ಹಚ್ಯಾನ, ಪಾಪ ಆಕೀದೇನು ತಪ್ಪೈತಿ’ ಅಂತಾಳ.”

ಗಂಡನನ್ನು ಕಳೆದುಕೊಂಡವಳಿಗೆ ಗಂಡನ ತಾಯಿಯೊಬ್ಬಳೇ ದಿಕ್ಕು. ನಾನು ಎದೆ ಕಲ್ಲು ಮಾಡಿಕೊಂಡು ನನ್ನ ಪ್ರಶ್ನೆಗಳನ್ನು ಕೇಳಿದೆ. ಮೈ ಬಿಸಿಯಾದದ್ದು ಯಾವಾಗ?

“ಅಮಾಸಿ ಆಗಿ ಮೂರ್ನಾಕು ದಿನಕ್ಕ.”

“ನಿನ್ನ ಗಂಡಗ?”

“ಅವರಿಗೆ ನನ್ನ ಹಿಂದಿಂದ್ರಿ. ನಾ ಮಲಗಿದಾಗ ಅವರಽ ಗಂಜಿ ಕಾಸಿ ಕುಡಿಸಿದ್ರು.”

ನನ್ನ ಕೈ ಅಲ್ಲೇ ನಿಂತಿತು. ಹಾಗಿದ್ದರೆ ಮಾದಾಪುರದಿಂದ ಬಂದದ್ದಲ್ಲ. ಗಂಡನಿಗಿಂತ ಮೊದಲೇ ಈಕೆ ಬಿದ್ದಿದ್ದಾಳೆ. ಮಾಮನಿಗೆ ಜ್ವರ ಬಂದದ್ದು ಅಮಾವಾಸ್ಯೆಯಾಗಿ ಒಂದು ವಾರದ ಮೇಲೆ ಎಂದು ಅತ್ತೆ ಬರೆಸಿದ್ದಳು. ಈಕೆ ಕಾಂಪೌಂಡು ದಾಟಿ ಹೋದವಳಲ್ಲ. ಹಾಲಿನ ಪಾಕೀಟು ಕೂಡ ಮನೆ ಬಾಗಿಲಿಗೇ ಬರುತ್ತಿತ್ತು. ಮತ್ತೆ ಈಕೆಗೆ ಎಲ್ಲಿಂದ ಬಂತು, ಆಕಾಶದಿಂದಲೆ?

ರೋಗ ಹತ್ತಿದ ಮೂರ್ನಾಲ್ಕು ದಿನಕ್ಕೆ ಮೈ ಬಿಸಿಯಾಗುತ್ತದೆ. “ಅಮಾಸಿ ದಿನ ಏನೇನ್ ಮಾಡಿದಿ, ಒಂದೊಂದಾಗಿ ಹೇಳು,” ಎಂದೆ.

ಬಟ್ಟೆ ಒಗೆದದ್ದು ಹೇಳಿದಳು, ಅಂಗಳ ಸಾರಿಸಿದ್ದು ಹೇಳಿದಳು. ಸಂಜೆಯದನ್ನು ಹಾರಿಸಿ ಮರುದಿನದ್ದಕ್ಕೆ ಹೋದಳು.

“ಸಂಜೀಗೆ?”

“ಅದನ್ನ ಹೇಳಬಾರದ್ರಿ ಅಕ್ಕಾರ. ಬಾಯಿ ಬಿಟ್ರ ಮಾಲಕರ ಮನಿಯವರಿಗೇ ತಿರುಗಿ ಬಡೀತೈತಿ.”

ನಮ್ಮ ಕಡೆಯ ಮನೆಗಳಲ್ಲಿ ಹುಟ್ಟಿದವಳಿಗೆ ಅಷ್ಟು ಸಾಕು. ಮಾಡಿಯೂ ಹೇಳಬಾರದ ಕೆಲಸ ನಮ್ಮಲ್ಲಿ ಇರುವುದು ಒಂದೇ: ನಿವಾಳಿಸುವುದು. ಸತ್ತವರ ಮನೆಗೆ, ಮಣ್ಣಿಗೆ ಹೋಗಿ ಬಂದವರ ಮೈ ಬಿಸಿಯಾದರೆ ಅದನ್ನು ಜ್ವರ ಅನ್ನುವುದಿಲ್ಲ, ಗಾಳಿ ಅನ್ನುತ್ತಾರೆ. ಎಣ್ಣೆ ಸವರಿದ ಜೋಳದ ರೊಟ್ಟಿಯ ಮೇಲೆ ಉಪ್ಪು, ಒಣಮೆಣಸಿನಕಾಯಿ ಇಟ್ಟು, ತಲೆಯಿಂದ ಕಾಲಿನತನಕ ಇಳಿಸಿ, ಮುಖದ ಮುಂದೆ ಹಿಡಿಯುತ್ತಾರೆ. ಗಾಳಿ ಬಡಿದವನು ಅದರ ಮೇಲೆ ಮೂರು ಸಲ ಥೂ ಎಂದು ಉಗುಳಬೇಕು. ಆಮೇಲೆ ಅದನ್ನು ಹಿಂದಿರುಗಿ ನೋಡದೆ, ಯಾರ ಜೊತೆಯೂ ಮಾತಾಡದೆ, ಮೂರು ದಾರಿ ಕೂಡುವಲ್ಲಿ ಇಟ್ಟು ಬರಬೇಕು. ಮನೆಯವರೇ ಹಿಡಿದರೆ ಗಾಳಿ ಮನೆಯಲ್ಲೇ ಉಳಿಯುತ್ತದೆಂದು ಹೊರಗಿನವರ ಕೈಯಲ್ಲಿ ಮಾಡಿಸುತ್ತಾರೆ. ಚಿಕ್ಕವಳಿದ್ದಾಗ ಇದೇ ಅತ್ತೆ ನನಗೂ ಮಾಡಿಸಿದ್ದಳು. ನಾನು ಉಗುಳುವಾಗ ಗುರಿ ತಪ್ಪಿ ಕೆಲಸದವಳ ಸೆರಗಿನ ಮೇಲೆ ಉಗುಳಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

“ರೊಟ್ಟಿ ಹಿಡಿದಾಕಿ ನೀನೇ ಏನು?” ಎಂದು ಕೇಳಿದೆ.

ಮೆಲ್ಲಗೆ, “ನನ್ನ ಕೈಗುಣ ಚಲೋ ಐತಂತ ಅವ್ವಾರು ಕರದಿದ್ರು. ಮಾಲಕರು ಕೆಮ್ಮಾಕತ್ತಿದ್ರು. ಥೂ ಅಂದ್ರು, ಕೆಮ್ಮಿದ್ರು, ಮತ್ತ ಥೂ ಅಂದ್ರು. ಮಾರಿ ಸೆರಗಿಲೆ ಒರಸ್ಕೊಂಡೆ. ಹಾದ್ಯಾಗ ಮಾತಾಡಬಾರದಲ್ರಿ, ಸುಮ್ಮನ ಹೋಗಿ ಇಟ್ಟು ಬಂದೆ,” ಎಂದಳು.

ಇವಳ ಗಂಟನ್ನು ಬೀದಿಗೆಸೆದವರಿಗೆ ಕೇಡಾಗಬಾರದೆಂದು ಇವಳು ಬಾಯಿ ಮುಚ್ಚಿಕೊಂಡಿದ್ದಳು.

ಮಾಮನ ದಿನಕರ್ಮ ಮುಗಿದ ಮರುದಿನವೇ ಕುಷಾಯಿಗೂಡಕ್ಕೆ ಹೋದೆ. ಅದೇ ದಿನ ಶಾಲೆಯಿಂದ ಬಿಡುಗಡೆಯಾದ ಆಕೆಯೂ ಗಂಟು ತೆಗೆದುಕೊಳ್ಳಲು ಬಂದಿದ್ದಳು. ಗೇಟು ತೆರೆದಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ಎದುರು ಮನೆಯ ಹೆಂಗಸು ಮಹಡಿಯಿಂದ “ಏಯ್, ದೂರಂಗ ಉಂಡು!” ಎಂದು, ದೂರ ನಿಲ್ಲು ಅಂತ, ತೆಲುಗಿನಲ್ಲಿ ಗದರುತ್ತಿದ್ದಳು. ಫೋನ್ ಮಾಡಿದ್ದವಳು ನಾನೇ, ಇಲ್ಲೇ ನಿಲ್ಲು ಎಂದು ಆಕೆಗೆ ಹೇಳಿ ನಾನು ಒಳಗೆ ಹೋದೆ.

“ಅತ್ತಿ, ಅಮಾಸಿಗಿಂತ ಮೊದಲ ಮಾಮ ಯಾರ ಮಣ್ಣಿಗೆ ಹೋಗಿದ್ರು?” ಎಂದು ಕೂತವಳೇ ಕೇಳಿದೆ.

ಅತ್ತೆ ಬೆಚ್ಚಿದಳು. ಕಾರ್ಖಾನೆಯ ಹಳೆಯ ಗೆಳೆಯರೊಬ್ಬರು. ಏನೋ ಉಬ್ಬಸವಂತೆ. ಆ ಮನೆಯವರೂ ರೋಗದ ಹೆಸರು ಮುಚ್ಚಿಟ್ಟಿದ್ದರು.

“ಎಲ್ಲೂ ಹೋಗಿಲ್ಲ ಅಂತ ಬರಸೀಯಲ್ಲ?”

“ಮಣ್ಣಿಗೆ ಹೋಗೂದು ಹೋಗೂದೇನಽ? ಅದನ್ನ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರೇನು?”

“ಬಂದ ಮ್ಯಾಲೆ ಮೈ ಸುಡ್ತಿತ್ತೋ ಇಲ್ಲೋ?”

“ಸುಡ್ತಿತ್ತು. ಆದ್ರ ಅದು ಜ್ವರ ಅಲ್ಲ, ಗಾಳಿ. ಜ್ವರ ಬಂದಿದ್ದು ಆಮ್ಯಾಲೆ. ನೀವು ಜ್ವರ ಯಾವಾಗ ಬಂತು ಅಂತ ಕೇಳಿದ್ರಿ, ನಾ ಜ್ವರದ್ದೇ ಹೇಳೇನಿ. ಸುಳ್ಳ ಯಾಕ ಹೇಳಲಿ?”

ನಿಜಕ್ಕೂ ಆಕೆ ಸುಳ್ಳು ಹೇಳಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಒಂದೇ ಮೈ, ಒಂದೇ ಬಿಸಿ, ಎರಡು ಹೆಸರು. ಮೊದಲ ಹೆಸರಿನದು ಸರ್ಕಾರದ ಲೆಕ್ಕಕ್ಕೇ ಬಂದಿರಲಿಲ್ಲ. ನಾನು ಎದ್ದು ನಿಂತು ಕೂಗಾಡಿದೆ. ನಿನ್ನ ಗಂಡನೇ ಆಕೆಗೆ ಕೊಟ್ಟದ್ದು, ನೀನೇ ಕರೆದು ಎದುರಿಗೆ ನಿಲ್ಲಿಸಿ ಕೊಡಿಸಿದೆ, ಆಕೆಯ ಗಂಡನ ಜೀವ ಹೋದದ್ದು ನಿಮ್ಮ ಮನೆಯ ಹಜಾರದಿಂದ, ಈಗಲೇ ಊರಿಗೆ ಫೋನ್ ಮಾಡಿ ಹೇಳಿದ್ದನ್ನು ವಾಪಸ್ ತಗೊಳ್ಳಿ ಎಂದೆ. ಅತ್ತೆ “ಸತ್ತವರ ಮ್ಯಾಲೆ ಗೂಬಿ ಕೂಡಸ್ತೀಯೇನಽ?” ಎಂದು ಎದೆ ಬಡಿದುಕೊಂಡಳು.

ಅತ್ತೆಯ ಮಗ ಮಾತ್ರ ಶಾಂತವಾಗಿದ್ದ. ಎಲ್ಲ ಕೇಳಿಸಿಕೊಂಡು, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ನನ್ನಿಂದ ಮತ್ತೊಮ್ಮೆ ಹೇಳಿಸಿದ. ಆಮೇಲೆ “ಖಾಲಿ-ಪೀಲಿ ಸುಮ್ಮಸುಮ್ಮನ ಒದರಬ್ಯಾಡ ಅಕ್ಕ. ತಪ್ಪು ಹೇಳಿದ್ದೆ, ತಿದ್ದತೀನಿ,” ಎಂದು ಫೋನ್ ತೆಗೆದು ಸ್ಪೀಕರ್ ಹಾಕಿ, ಕಿಟಕಿಯ ಹತ್ತಿರ ನಿಂತ. ಕಿಟಕಿಯಾಚೆ ಗೇಟು. ಗೇಟಿನಾಚೆ ಆಕೆ.

ಫೋನ್ ಎತ್ತಿದ್ದು ಆಕೆಯ ಗಂಡನ ತಾಯಿ. ಹಿಂದೆ ಮಗುವೊಂದು ಏನೋ ರಾಗ ತೆಗೆದು ಆಡಿಕೊಳ್ಳುತ್ತಿತ್ತು.

“ಅಮ್ಮಾರ, ಅವತ್ತು ನಾ ಹೇಳಿದ್ದು ತಪ್ಪಾತ್ರಿ,” ಎಂದ. ಬೆಣ್ಣೆಯಂಥ ದನಿ. “ನಿಮ್ಮ ಮಗ ರೋಗಾ ತಂದಿಲ್ಲ. ಅವರ ಮ್ಯಾಲೆ ಸುಳ್ಳ ಅಪವಾದ ಹೊರಿಸಿದ್ವಿ. ಸರ್ಕಾರದವರು ಪತ್ತೆ ಹಚ್ಯಾರ. ಮೊದಲ ಬಂದಿದ್ದು ನಿಮ್ಮ ಸೊಸಿಗೆ. ಆಕಿಂದ ನಿಮ್ಮ ಮಗಗ ಹತ್ತೇತಿ.”

ಮಗುವಿನ ರಾಗ ನಿಂತಿತು. ಆಮೇಲೆ ಮುದುಕಿ ಕೇಳಿದಳು: “ಕರೇ ಏನ್ರಿ?”

“ಪತ್ತೆ ಹಚ್ಚಿದ ಮೇಡಮ್ಮೇ ಇಲ್ಲಿ ಅದಾರ, ಅವರನ್ನೇ ಕೇಳ್ರಿ,” ಎಂದು ಆ ಹಲ್ಕಟ್ಟ ಫೋನನ್ನು ನನ್ನ ಬಾಯಿಯ ಮುಂದೆ ಹಿಡಿದ.

“ಹೌದ್ರಿ, ಆದ್ರ ಆಕಿಗೆ ಕೊಟ್ಟವರು...”

“ಹಂಗಾದ್ರ ಕೂಸು ನನ್ನ ಹಂತ್ಯಾಕ ಇರ್ತೈತಿ,” ಎಂದಳು ಮುದುಕಿ. ನನ್ನ ಮಾತು ಆಕೆಗೆ ಬೇಕಾಗಿರಲಿಲ್ಲ. “ನನ್ನ ಮಗನ್ನ ತಿಂದಾಕಿ. ಈ ಹೊಸ್ತಿಲಾ ತುಳದ್ರ ಕಾಲು ಮುರೀತೀನಿ ಅಂತ ಹೇಳ್ರಿ ಆಕಿಗೆ.”

ಫೋನ್ ಕಟ್ಟಾಯಿತು. ಅವನ ಕೈಯಿಂದ ಕಸಿದುಕೊಂಡು ಮತ್ತೆ ಮಾಡಿದೆ. ನನ್ನ ಫೋನಿನಿಂದಲೂ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಕೊನೆಗೆ ಸ್ವಿಚ್ ಆಫ್. “ನೀನಽ ಹೇಳಿದ್ದನ್ನ ಹೇಳೇನಿ, ಒಂದಕ್ಷರ ಸುಳ್ಳೈತೇನು?” ಎಂದು ಅವನು ಮಾಸ್ಕು ಏರಿಸಿಕೊಂಡ. ಅತ್ತೆ ಕಣ್ಣೊರೆಸಿಕೊಂಡು, ಚಹಾ ಇಡಲೇನು ಎಂದು ಕೇಳಿದಳು. ಆ ಮನೆಯ ನೀರು ಕೂಡ ಅಂದಿನಿಂದ ನನ್ನ ಗಂಟಲಿಗೆ ಇಳಿದಿಲ್ಲ.

ಹೊರಗೆ ಬಂದೆ. ಆಕೆ ಗೇಟಿನ ಸರಳು ಹಿಡಿದು ನಿಂತಿದ್ದಳು. ಎಲ್ಲವೂ ಕೇಳಿಸಿತ್ತು. ಅಳುತ್ತಿರಲಿಲ್ಲ. ಗಂಟಿನ ಮೇಲಿನ ಬ್ಲೀಚಿಂಗ್ ಪೌಡರು ಆಕೆಯ ಮುಂಗೈಗೆಲ್ಲ ಮೆತ್ತಿಕೊಂಡಿತ್ತು.

“ಅವರು ಗಂಜಿ ಕುಡಿಸುವಾಗ ನಾ ಬ್ಯಾಡ ಅನಬೇಕಿತ್ರಿ,” ಎಂದಳು. ಮುಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಅಕ್ಕಾರ, ರೊಟ್ಟಿ ಮಾತು ಹೇಳಿದ್ರೇನ್ರಿ ನಮ್ಮತ್ತಿಗೆ? ಮಾಲಕರು ಥೂ ಅಂದಿದ್ದು?”

“ಇಲ್ಲವ್ವ,” ಎಂದೆ. “ಅಷ್ಟರಾಗ ಫೋನ್ ಇಟ್ಲು.”

ಆಕೆ ಹೂಂ ಎಂದು ಗಂಟನ್ನು ತಲೆಯ ಮೇಲೆ ಎತ್ತಿಟ್ಟುಕೊಂಡು, ಊರಿಗೆ ಹೋಗುವ ಬಸ್ ಸ್ಟಾಂಡಿನ ದಾರಿ ಬಿಟ್ಟು ಇನ್ನೊಂದು ಕಡೆಗೆ ನಡೆದಳು. ಆ ಬೇಸಿಗೆಯಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ ಎಲ್ಲಿಗೆ ಹೋಗಿದ್ದಿ, ಎಲ್ಲಿಗೆ ಹೋಗ್ತೀ ಎಂದು ಜೀವ ತಿಂದವಳು ನಾನು. ಆಕೆಯನ್ನು ಮಾತ್ರ ಕೇಳಲು ಬಾಯಿ ಬರಲಿಲ್ಲ.